ತೋಳು ಮೊಟಕಾದರೆ ಸಂಕಟ ಮೊಟಕಾಗದು

ಮಾನ್ಯ ಸಂಪಾದಕರೇ,

ಮಂಡ್ಯ ನಗರದ ಖಾಸಗಿ ಶಾಲೆಯೊಂದು ಎಂಟರಿಂದ ಹತ್ತನೇ ತರಗತಿಯವರೆಗಿನ ಎಲ್ಲ ಮಕ್ಕಳೂ ಇನ್ನು ಮುಂದೆ ಅರ್ಧ ತೋಳಿನ ಸಮವಸ್ತ್ರವನ್ನೇ ತೊಡಬೇಕೆಂದು ಸುತ್ತೋಲೆ ಹೊರಡಿಸಿದೆ. ಅದರ ಪ್ರತಿ ನನ್ನಂಥ ದರ್ಜಿಗಳಿಗೂ ಬಂದಿದೆ. ಪೋಷಕರು ತುಂಬು ತೋಳಿನ ಅಂಗಿ, ಚೂಡಿದಾರ ತಂದುಕೊಟ್ಟರೆ ಮೊಣಕೈಗಿಂತ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಿ, ಅಂಚು ಮಡಚಿ ಹೊಲಿದುಕೊಡಬೇಕಂತೆ. ಸುತ್ತೋಲೆಯಲ್ಲಿ ಕಾರಣ ‘ಶಿಸ್ತು’ ಎಂದಷ್ಟೇ ಇದೆ. ನಿಜವಾದ ಕಾರಣವನ್ನು ಅಂಗಡಿಗೆ ಬರುವ ತಾಯಂದಿರು ದನಿ ತಗ್ಗಿಸಿ ಹೇಳುತ್ತಾರೆ. ಕೆಲವು ಮಕ್ಕಳ ಕೈಮೇಲೆ ತಾವೇ ಮಾಡಿಕೊಂಡ ಗಾಯದ ಗುರುತುಗಳು ಕಂಡುಬಂದವು. ಅಂದಿನಿಂದ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಸಾಲಿನಲ್ಲಿ ನಿಂತು ತೋಳು ಮೇಲೇರಿಸಿ ಕೈ ತೋರಿಸಬೇಕು. ಸಿಕ್ಕಿಬಿದ್ದವರ ಮನೆಗೆ ಫೋನು ಹೋಗುತ್ತದೆ.

ನಾನು ಪೇಟೆ ಬೀದಿಯ ಅಡ್ಡರಸ್ತೆಯೊಂದರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ಈ ಆದೇಶದಿಂದ ನನಗೆ ನಷ್ಟವಿಲ್ಲ. ತೋಳು ಮೊಟಕು ಮಾಡಿದ ಕೂಲಿ ಬೇರೆ, ಹೊಸ ಜೊತೆ ಹೊಲಿದ ಕೂಲಿ ಬೇರೆ. ಶಾಲೆ ಶುರುವಾಗಿ ತಿಂಗಳುಗಳಾದ ಮೇಲೆ ಇಂಥ ಕೆಲಸ ತಾನಾಗಿ ಹುಡುಕಿಕೊಂಡು ಬಂದರೆ ಯಾವ ದರ್ಜಿಯೂ ಬೇಡ ಎನ್ನುವುದಿಲ್ಲ. ಹಾಗಿದ್ದೂ ಇದು ತಪ್ಪು ಆದೇಶ ಎಂದು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ. ಅಂಗಡಿಯ ಚಿಂತೆ ಒಂದು ಕಡೆಗಿರಲಿ, ನನ್ನ ಹೆಸರು ತಿಳಿದರೆ ನನ್ನ ಅಕ್ಕನ ಮಗಳ ಗುರುತೂ ತಿಳಿಯುತ್ತದೆ. ಅವಳ ವಿಷಯ ಈ ಪತ್ರದಲ್ಲಿದೆ. ಅವಳೀಗ ಮೈಸೂರಿನಲ್ಲಿ ಪದವಿ ಓದುತ್ತಿದ್ದಾಳೆ. ಮೊದಲು ಅವಳಿಗೇ ಓದಲು ಕೊಟ್ಟೆ. ಅಲ್ಲಲ್ಲಿ ಸಾಲುಗಳನ್ನು ಹೊಡೆದುಹಾಕಿ, ‘ಇನ್ನು ಕಳಿಸು ಚಿಕ್ಕಮ್ಮ’ ಎಂದಿದ್ದಾಳೆ.

ತುಂಬು ತೋಳು ಕೇಳುವ ಮಕ್ಕಳೆಲ್ಲ ಏನನ್ನೋ ಮುಚ್ಚಿಡುವವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ಕಪ್ಪಾಗುತ್ತೇನೆಂದು ಕೇಳುವವರಿದ್ದಾರೆ, ಮನೆಯ ಆಚಾರಕ್ಕೆಂದು ಕೇಳುವವರಿದ್ದಾರೆ. ತೊನ್ನು, ಎಳವೆಯಲ್ಲಿ ಬಿದ್ದ ಬಿಸಿನೀರಿನ ಕಲೆ, ಕೈಮೇಲಿನ ಕೂದಲು, ‘ಕಡ್ಡಿ’ ಎಂದು ಹಾಸ್ಯ ಮಾಡಿಸಿಕೊಂಡ ಸಣಕಲು ತೋಳು, ಇವೆಲ್ಲವೂ ತುಂಬು ತೋಳಿನೊಳಗೆ ಅಡಗುತ್ತವೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮೈ ಎಂಬುದೇ ದೊಡ್ಡ ಮುಜುಗರ. ಒಂದೇ ಸುತ್ತೋಲೆ ಇವರೆಲ್ಲರ ಮರೆಯನ್ನೂ ಕಿತ್ತುಕೊಳ್ಳುತ್ತದೆ.

ಒಮ್ಮೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಅಳತೆ ಕೊಡಲು ಬಂದಿದ್ದ. ಬಲಗೈಯನ್ನು ಮುಂದೆ ಚಾಚಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ‘ಎರಡೂ ಒಂದೇ ಉದ್ದ ಆಂಟಿ, ಒಂದು ಅಳೆದರೆ ಸಾಕು’ ಎಂದ. ಎರಡೂ ಭುಜ ಸರಿಸಮ ಇರುವ ಮನುಷ್ಯರು ಅಪರೂಪ ಎಂಬುದು ಟೇಪು ಹಿಡಿದ ಯಾರಿಗಾದರೂ ಗೊತ್ತು. ಆದರೂ ಸರಿ ಎಂದು ಒಂದೇ ಕೈಯ ಅಳತೆ ಬರೆದುಕೊಂಡೆ. ಅವನ ತಂದೆ ಬಾಗಿಲ ಬಳಿ ನಿಂತು ಆಲೆಮನೆಯವರೊಡನೆ ಕಬ್ಬಿನ ದರ ಮಾತನಾಡುತ್ತಿದ್ದರು. ಅವರೆದುರು ಕೇಳುವ ವಿಷಯವೂ ಅದಲ್ಲ. ಬಟ್ಟೆ ಒಯ್ಯಲು ಹುಡುಗ ಒಬ್ಬನೇ ಬಂದಾಗ, ‘ಏನಾದರೂ ಇದ್ದರೆ ಹೇಳಪ್ಪ, ನಾನು ಬೈಯುವವಳಲ್ಲ, ಊರಿಗೆಲ್ಲ ಸಾರುವವಳೂ ಅಲ್ಲ’ ಎಂದೆ. ನಕ್ಕು ಹೊರಟುಹೋದ. ಕೆಲವು ದಿನ ಬಿಟ್ಟು ಗುಂಡಿ ಬಿಗಿ ಮಾಡಿಕೊಡಿ ಎಂದು ಬಂದ. ಗುಂಡಿ ಬಿಗಿಯಾಗಿಯೇ ಇತ್ತು. ಸ್ಟೂಲು ಹಾಕಿ ಕೂರಿಸಿದೆ. ಮುಂದಿನದು ಅವನಿಗೆ ಸೇರಿದ್ದು, ಇಲ್ಲಿ ಬರೆಯುವುದಿಲ್ಲ. ಹುಡುಗರ ವಿಷಯದಲ್ಲಿ ಇದು ಇನ್ನೂ ಕಷ್ಟ ಎಂಬುದನ್ನು ಮಾತ್ರ ಹೇಳಬೇಕು. ಅವರು ಗೋಡೆಗೆ ಗುದ್ದಿ ಕೈ ಊದಿಸಿಕೊಂಡರೆ ‘ಬಿಸಿರಕ್ತ’ ಎನ್ನುತ್ತೇವೆ, ಗಾಯವಾದರೆ ‘ಆಟದಲ್ಲಿ ಬಿದ್ದ’ ಎಂಬ ಉತ್ತರವನ್ನು ನಾವೇ ಅವರ ಬಾಯಿಗೆ ಕೊಡುತ್ತೇವೆ.

ಇನ್ನು ನನ್ನ ಅಕ್ಕನ ಮಗಳು. ಹೈಸ್ಕೂಲಿಗೆಂದು ಹಳ್ಳಿಯಿಂದ ಬಂದು ನಮ್ಮ ಮನೆಯಲ್ಲಿದ್ದಳು. ಮಾರ್ಚ್ ತಿಂಗಳ ಸೆಕೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ತನ್ನ ಬಟ್ಟೆ ತಾನೇ ಒಗೆದುಕೊಳ್ಳಲು ಶುರು ಮಾಡಿದಾಗ ‘ಹುಡುಗಿಗೆ ಜವಾಬ್ದಾರಿ ಬಂತು’ ಎಂದು ಮನೆಯವರೆಲ್ಲ ಹೊಗಳಿದರು. ಅವಳು ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ಹೇಗೆ, ಯಾವುದರಿಂದ ಎಂಬುದು ಬೇಡ, ಪತ್ರಿಕೆಯನ್ನು ಮಕ್ಕಳೂ ಓದುತ್ತಾರೆ. ಯಾಕೆ ಎಂಬುದನ್ನು ನಾನು ಬರೆದಿದ್ದೆ. ಹೊಡೆದುಹಾಕಿದ ಸಾಲುಗಳು ಅವೇ.

ವಿಷಯ ಬಯಲಾದಾಗ ನಮ್ಮ ಕುಟುಂಬದಲ್ಲಿ ಹುಟ್ಟಿದ ಮೊದಲ ಮಾತು ‘ನಾಟಕ’. ನಾಲ್ಕು ಜನ ನೋಡಲಿ ಎಂದು ಮಾಡಿಕೊಳ್ಳುತ್ತಾಳೆ ಎಂದರು ದೊಡ್ಡವರು. ನಾಲ್ಕು ಜನ ನೋಡಲಿ ಎಂದಿದ್ದರೆ ಮಂಡ್ಯದ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರ್ ಹಾಕಿಕೊಂಡು ಬೇಯುವುದೇಕೆ? ಈ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಎರಡನೆಯ ಮಾತು ಭಯದ್ದು, ‘ಸಾಯಲು ಹೊರಟಿದ್ದಾಳೆ’ ಎಂಬುದು. ಇದನ್ನು ಅವಳನ್ನೇ ಕೇಳಿದವರು ಮೈಸೂರಿನ ಆಸ್ಪತ್ರೆಯ ಮನೋವೈದ್ಯರು. ನಮ್ಮನ್ನೆಲ್ಲ ಹೊರಗೆ ಕಳುಹಿಸಿ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದರಂತೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೇ ಎಂದು ನನ್ನ ಅಕ್ಕ ಆಮೇಲೆ ಜಗಳಕ್ಕೇ ನಿಂತಳು. ಇಲ್ಲ ಎಂದರು ವೈದ್ಯರು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಈಗಾಗಲೇ ಇದ್ದರೆ, ಹೇಳಿಕೊಳ್ಳಲು ಒಬ್ಬರು ಸಿಕ್ಕಂತಾಗುತ್ತದೆ.

ಅವಳ ಉತ್ತರವನ್ನು ಅವಳ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ‘ಸಾಯಬೇಕೆಂದು ಅಲ್ಲ ಚಿಕ್ಕಮ್ಮ, ತಲೆಯೊಳಗಿನ ಗದ್ದಲ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಆ ಅಸಹ್ಯ ತಡೆಯಲಾಗದೆ ಮತ್ತೆ ಅದೇ.’ ವೈದ್ಯರು ವಿವರಿಸಿದ್ದೂ ಇದನ್ನೇ. ತಾಳಲಾರದ ಭಾವನೆ ಉಕ್ಕಿದಾಗ ಮೈಗಾಗುವ ನೋವು ಅದನ್ನು ಗಳಿಗೆಯ ಮಟ್ಟಿಗೆ ತಗ್ಗಿಸುತ್ತದೆ, ಹಾಗೆ ತಗ್ಗಿಸುವುದೇ ಅಪಾಯ. ಮನಸ್ಸು ಬೇರೆ ದಾರಿ ಹುಡುಕುವುದನ್ನು ಬಿಟ್ಟು ಇದನ್ನೇ ರೂಢಿ ಮಾಡಿಕೊಳ್ಳುತ್ತದೆ. ಹೆಚ್ಚಾಗಿ ಇದು ಶುರುವಾಗುವುದು 12ರಿಂದ 14ರ ವಯಸ್ಸಿನಲ್ಲಿ. ಸಾಯುವ ಉದ್ದೇಶ ಇಲ್ಲ ಎಂದ ಮಾತ್ರಕ್ಕೆ ಹಗುರವಾಗಿ ನೋಡಲೂಬಾರದು. ಇಂಥ ಮಕ್ಕಳಿಗೆ ಮುಂದೆ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ಆದ್ದರಿಂದ ನಾಟಕ ಎಂದು ತಳ್ಳಿಹಾಕುವುದೂ ಸಲ್ಲ, ಎದೆ ಬಡಿದುಕೊಂಡು ಊರು ಸೇರಿಸುವುದೂ ಸಲ್ಲ.

ಈಗ ಆ ಶಾಲೆಯ ಪ್ರಾರ್ಥನೆಯ ಸಾಲಿಗೆ ಬನ್ನಿ. ಯಾವ ಅಸಹ್ಯ, ಯಾವ ನಾಚಿಕೆಯಿಂದ ತಪ್ಪಿಸಿಕೊಳ್ಳಲು ಮಗು ತನ್ನ ಮೈಯನ್ನೇ ನೋಯಿಸಿಕೊಳ್ಳುತ್ತದೋ ಅದನ್ನೇ ದಿನಬೆಳಗಾದರೆ ಇಡೀ ಶಾಲೆಯೆದುರು ಬಡಿಸಿದರೆ ಏನಾಗುತ್ತದೆ? ಗಾಯ ನಿಲ್ಲುವುದಿಲ್ಲ, ಕಣ್ಣಿಗೆ ಬೀಳದ ಕಡೆಗೆ ಸರಿಯುತ್ತದೆ. ಪರೀಕ್ಷೆ ಮಾಡಿದ ಮೇಷ್ಟ್ರಿಗೆ ಸಮಾಧಾನ, ಆಡಳಿತ ಮಂಡಳಿಗೆ ‘ಕ್ರಮ ಕೈಗೊಂಡಿದ್ದೇವೆ’ ಎಂಬ ಸಮಾಧಾನ. ಮಗುವಿಗೆ ಸಿಕ್ಕಿದ್ದು ಇನ್ನಷ್ಟು ಜಾಣತನದಿಂದ ಮುಚ್ಚಿಡುವ ಪಾಠ.

ನಮ್ಮ ಮನೆಯಲ್ಲಿ ಏನು ಉಪಯೋಗಕ್ಕೆ ಬಂತು ಎಂದು ಕೇಳಿದರೆ ದೊಡ್ಡದೇನೂ ಹೇಳಲಾರೆ. ಅಜ್ಜಿ ಕಾಳಿಕಾಂಬೆಗೆ ಹರಕೆ ಕಟ್ಟಿಕೊಂಡರು, ದೃಷ್ಟಿ ತೆಗೆದರು. ಅದನ್ನು ನಾನು ತಮಾಷೆ ಮಾಡುವುದಿಲ್ಲ. ಅಜ್ಜಿಗೂ ಏನಾದರೂ ಮಾಡಬೇಕಲ್ಲ. ಆಸ್ಪತ್ರೆ ತಪ್ಪಿಸದಿದ್ದರೆ ಸಾಕು ಎಂಬುದಷ್ಟೇ ನನ್ನ ಕರಾರು. ಅಲ್ಲಿನ ಆಪ್ತಸಮಾಲೋಚಕಿ ಒಂದು ಹಾಳೆಯಲ್ಲಿ ಅವಳ ಕೈಯಿಂದಲೇ ಬರೆಸಿದರು: ಮನಸ್ಸು ಕೆಡುವ ಮುನ್ಸೂಚನೆ ಏನು, ಆಗ ತಾನೇ ಏನು ಮಾಡಬಹುದು, ಅದೂ ಸಾಲದಿದ್ದರೆ ಯಾರನ್ನು ಕರೆಯಬೇಕು. ಮೊದಲ ಹೆಸರು ನನ್ನದಲ್ಲ, ಅವಳ ಗೆಳತಿಯದು. ಸ್ವಲ್ಪ ಹೊಟ್ಟೆಕಿಚ್ಚಾಯಿತು ಎನ್ನಲು ಸಂಕೋಚವೇಕೆ? ಮನೆಯಲ್ಲಿ ಅಪಾಯಕ್ಕೆ ದಾರಿಯಾಗುವ ವಸ್ತುಗಳು, ಮಾತ್ರೆಗಳು, ಹೊಲಕ್ಕೆ ತಂದ ಔಷಧಿ, ಎಲ್ಲವನ್ನೂ ಬೀಗ ಹಾಕಿ ಇಡಲು ನಮಗೆ ಹೇಳಿದರು. ನನ್ನ ಕತ್ತರಿ ಪೆಟ್ಟಿಗೆಗೂ ಬೀಗ ಬಂತು. ಕೆಟ್ಟ ಗಳಿಗೆ ಬಂದಷ್ಟೇ ಬೇಗ ಇಳಿಯುವುದೂ ಉಂಟು, ಅದು ಇಳಿಯುವವರೆಗೆ ಸಮಯ ಸಿಗಬೇಕು, ಬೀಗ ಅದಕ್ಕೆ ಎಂದರು.

ಬದಲಾದವಳು ಹೆಚ್ಚಾಗಿ ನನ್ನ ಅಕ್ಕ. ಮೊದಮೊದಲು ಮಗಳನ್ನು ಎದುರಿಗೆ ಕೂರಿಸಿಕೊಂಡು ‘ಹೇಳು, ಏನು ಕಡಿಮೆ ಮಾಡಿದ್ದೇವೆ ನಿನಗೆ’ ಎಂದು ಪೊಲೀಸರಂತೆ ಕೇಳುತ್ತಿದ್ದಳು. ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ಆ ವರ್ಷದ ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಇಬ್ಬರೂ ನಮ್ಮ ಹಜಾರದಲ್ಲಿ ಪಕ್ಕಪಕ್ಕ ಕುಳಿತು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದರು. ಕೈಗೆ ಕೆಲಸವಿತ್ತು, ಕಣ್ಣು ತಟ್ಟೆಯ ಮೇಲಿತ್ತು, ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಿದ್ದಂತೆ ಹುಡುಗಿ ತಾನಾಗಿ ಮಾತು ತೆಗೆದಳು. ಅಕ್ಕ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ, ‘ಆಮೇಲೆ?’ ಎಂದು ಮಾತ್ರ ಕೇಳುತ್ತಿದ್ದಳು. ಮರುದಿನ ನಮ್ಮ ಮನೆಯಲ್ಲಿ ಎರಡು ಮನೆಗಾಗುವಷ್ಟು ಸಾರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಪಿಯುಸಿ ಮೊದಲ ವರ್ಷದಲ್ಲಿ ಮತ್ತೆ ಒಮ್ಮೆ ಆಯಿತು. ಈ ಸಲ ಅಕ್ಕ ಕಿರುಚಲಿಲ್ಲ. ಗಾಯ ತೊಳೆದು, ಪಟ್ಟಿ ಕಟ್ಟಿ, ‘ಹೇಳಿದ್ದು ಒಳ್ಳೆಯದಾಯಿತು’ ಎಂದಳು. ಇನ್ನು ಮೇಲೆ ಮಾಡುವುದಿಲ್ಲ ಎಂದು ಆಣೆ ಹಾಕಿಸಿಕೊಳ್ಳಲಿಲ್ಲ. ಆಣೆ ಮುರಿದ ಮಗು ಮುಂದಿನ ಸಲ ಹೇಳುವುದಿಲ್ಲ ಎಂಬುದು ಅಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು.

ಹುಡುಗಿಗೆ ಕೊಟ್ಟದ್ದು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯ ಕೆಲವು ಪಾಠಗಳು. ಉಕ್ಕಿಬಂದ ಭಾವನೆಗೆ ಹೆಸರಿಡುವುದು, ಆ ಗಳಿಗೆಯನ್ನು ಗಾಯವಿಲ್ಲದೆ ದಾಟುವುದು, ಬೇಕಾದುದನ್ನು ಜಗಳವಿಲ್ಲದೆ ಕೇಳುವುದು, ಇವನ್ನು ಅಭ್ಯಾಸ ಮಾಡಿಸುತ್ತಾರೆ. ಅದನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಅವರೇ 1961ರಲ್ಲಿ, 17ನೇ ವಯಸ್ಸಿನಲ್ಲಿ, ಮಾನಸಿಕ ಆಸ್ಪತ್ರೆ ಸೇರಿದ್ದವರು, ಅಲ್ಲಿ ತಮ್ಮನ್ನು ತಾವು ಗಾಯಗೊಳಿಸಿಕೊಳ್ಳುತ್ತಿದ್ದವರು; 2011ರಲ್ಲಿ ಅದನ್ನು ಬಹಿರಂಗವಾಗಿ ಹೇಳಿದರು. ಇದನ್ನು ನನಗೆ ಹೇಳಿದವಳು ಅಕ್ಕನ ಮಗಳು. ಯಾವ ಔಷಧಿಗಿಂತಲೂ ಈ ಸಂಗತಿಯೇ ಅವಳಿಗೆ ಹೆಚ್ಚು ಹಿಡಿಸಿದಂತೆ ಕಾಣುತ್ತದೆ.

ಖರ್ಚಿಗೆ, ಕಾನೂನಿಗೆ ಹೆದರಿ ಹಿಂಜರಿಯುವ ಮನೆಗಳಿವೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ, ಎರಡೂ ಸರ್ಕಾರಿ ಆಸ್ಪತ್ರೆಗಳು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಶುರುವಾದದ್ದು 10 ಅಕ್ಟೋಬರ್ 2022ರಂದು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಮಕ್ಕಳು ತಾವೇ ಕರೆ ಮಾಡಬಹುದು, ತಂದೆ ತಾಯಿಯೂ ಮಾಡಬಹುದು. ಗಾಯ ಆಳವಾಗಿದ್ದರೆ, ಏನನ್ನಾದರೂ ನುಂಗಿದ್ದರೆ, ಮಗು ಸಾಯುವ ಮಾತನಾಡುತ್ತಿದ್ದರೆ ಅದು ಫೋನಿನಲ್ಲಿ ಕೂತು ಮಾತನಾಡುವ ಹೊತ್ತಲ್ಲ. ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, 108ಕ್ಕೆ ಹೇಳಬೇಕು. ಪೊಲೀಸ್ ಕೇಸು ಆಗುತ್ತದೆ ಎಂದು ಹೆದರುವವರು ಕೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು. ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಕಾನೂನೇ ಕೈಬಿಟ್ಟ ಶಿಕ್ಷೆಯನ್ನು ಶಾಲೆಯೊಂದು ಪ್ರಾರ್ಥನೆಯ ಮೈದಾನದಲ್ಲಿ ಏಕೆ ಮುಂದುವರಿಸಬೇಕು?

ಆ ಶಾಲೆಗೆ ಇನ್ನೊಂದು ಕಾಗದವೂ ನೆನಪಿರಬೇಕು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಆ ಶಾಲೆಯಲ್ಲಿ ನೂರಕ್ಕಿಂತ ಎಷ್ಟು ಹೆಚ್ಚು ಮಕ್ಕಳಿದ್ದಾರೆ ಎಂದು ನನ್ನ ಅಳತೆ ಪುಸ್ತಕವೇ ಹೇಳುತ್ತದೆ. ಆಪ್ತಸಮಾಲೋಚಕರ ಕೊಠಡಿ ಎಲ್ಲಿದೆ ಎಂದು ಅಂಗಡಿಗೆ ಬಂದ ಮಕ್ಕಳನ್ನು ಕೇಳಿದರೆ, ‘ಅದು ಯಾವುದು ಆಂಟಿ?’ ಎನ್ನುತ್ತಾರೆ. ಅರ್ಧ ತೋಳಿಗೆ ಪೋಷಕರು ತೆರುವ ಕೂಲಿಯನ್ನೆಲ್ಲ ಒಟ್ಟು ಮಾಡಿದರೆ ಒಬ್ಬರ ಕೆಲವು ತಿಂಗಳ ಸಂಬಳವಾದರೂ ಆದೀತು.

ಶಿಕ್ಷಕರ ಮೇಲೆ ನನಗೆ ಕೋಪವಿಲ್ಲ. ಪಾಠ, ಬಿಸಿಯೂಟದ ಲೆಕ್ಕ, ಗಣತಿಯ ಕೆಲಸ ಎಲ್ಲ ಅವರ ತಲೆಗೇ ಬರುತ್ತದೆ. ಖಾಸಗಿ ಶಾಲೆಯವರಿಗೆ ಅದಿಲ್ಲದಿದ್ದರೂ ಶೇಕಡ ನೂರು ಫಲಿತಾಂಶದ ಹೊರೆ ಇದೆ. ಮನೋವೈದ್ಯರಾಗಿ ಎಂದು ಯಾರೂ ಅವರಿಗೆ ಹೇಳುತ್ತಿಲ್ಲ. ಕೈಮೇಲೆ ಗುರುತು ಕಂಡರೆ ತರಗತಿಯ ನಡುವೆ ಕೇಳದೆ, ಬಿಡುವಿನಲ್ಲಿ ಒಬ್ಬರನ್ನೇ ಕರೆದು ‘ನೋವಾಗುತ್ತಿದೆಯಾ?’ ಎಂದರೆ ಅರ್ಧ ಕೆಲಸ ಆಯಿತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಯಾರಿಗೆ ಹೇಳಬೇಕಾಗುತ್ತದೆ, ಹೇಗೆ ಹೇಳೋಣ ಎಂದು ಮಗುವಿನೊಡನೆಯೇ ಮಾತನಾಡಬೇಕು. ಕಂಡ ಕೂಡಲೇ ಮನೆಗೆ ಫೋನು ಮಾಡುವ ಪದ್ಧತಿಯ ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. ಎಲ್ಲ ಮನೆಗಳೂ ನನ್ನ ಅಕ್ಕನ ಮನೆಯಲ್ಲ. ಹೊಡೆತ, ಕುಡಿತ, ನೆಂಟನೊಬ್ಬನ ಕೆಟ್ಟ ಕೈ ಆ ಮನೆಯಲ್ಲೇ ಇದ್ದರೆ ಆ ಫೋನು ಮಗುವನ್ನು ಅದೇ ಬೆಂಕಿಗೆ ಒಪ್ಪಿಸುತ್ತದೆ. ಅಂಥ ಸುಳಿವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮೊದಲು ಮಗುವನ್ನು ಕೇಳಿ ತಿಳಿದ ಮೇಲೆ ತಾನೇ ಫೋನು ಯಾರಿಗೆ ಎಂಬುದು?

ಗೆಳೆಯ ಗೆಳತಿಯರಿಗೆ ಇದು ದೊಡ್ಡವರಿಗಿಂತ ಎಷ್ಟೋ ಮೊದಲೇ ತಿಳಿದಿರುತ್ತದೆ. ನಮ್ಮ ಹುಡುಗಿಯ ಹಾಳೆಯಲ್ಲಿ ಮೊದಲ ಹೆಸರಾಗಿದ್ದ ಆ ಗೆಳತಿ, ‘ಅವಳು ಬೈದರೂ ಸರಿ’ ಎಂದು ನನ್ನ ಅಂಗಡಿಗೆ ಬಂದು ವಿಷಯ ತಿಳಿಸಿದವಳು. ವಾರಗಟ್ಟಲೆ ಇಬ್ಬರಿಗೂ ಮಾತಿರಲಿಲ್ಲ. ಈಗ ಆ ಹುಡುಗಿಯ ಮದುವೆ ರವಿಕೆ ನಾನೇ ಹೊಲಿಯಬೇಕೆಂದು ನಮ್ಮವಳು ಈಗಲೇ ಮುಂಗಡ ಕೊಟ್ಟಿದ್ದಾಳೆ, ಗಂಡೇ ಇನ್ನೂ ಗೊತ್ತಾಗಿಲ್ಲ.

ನಿಮ್ಮಲ್ಲೂ ಒಂದು ಕೋರಿಕೆ ಇದೆ ಸಂಪಾದಕರೇ. ಮಕ್ಕಳು ಜೀವ ಕಳೆದುಕೊಂಡ ಸುದ್ದಿಯಲ್ಲಿ ಹೇಗೆ, ಎಲ್ಲಿ, ಯಾವುದರಿಂದ ಎಂಬುದನ್ನು ಬಿಡಿಸಿ ಬರೆಯುವುದನ್ನು, ರಕ್ತ ಸೋರುವ ಕೈಯ ಚಿತ್ರ ಹಾಕುವುದನ್ನು ಪತ್ರಿಕೆಗಳು ಇನ್ನೂ ಪೂರ್ತಿ ಬಿಟ್ಟಿಲ್ಲ. ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದು, ಫೋಟೊ ಹಾಕಬಾರದು, ತಲೆಬರಹದಲ್ಲಿ ರಂಜಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ಒಪ್ಪಿಕೊಂಡಿದೆ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಫಲಿತಾಂಶ ಬರುವ ದಿನ ಮತ್ತೆ ಬರೆಯಲು ಪರೀಕ್ಷೆ-2 ಇದೆ ಎಂಬ ಮಾಹಿತಿಯನ್ನು ಮೊದಲ ಪುಟದಲ್ಲೇ ಹಾಕಿ, ಅದರ ಪಕ್ಕದಲ್ಲಿ 14416 ಎಂಬ ಸಂಖ್ಯೆಯನ್ನು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿ. ಅದಕ್ಕಾಗಿ ಹೆಚ್ಚು ಅಂಕ ಪಡೆದವರ ಫೋಟೊ ಒಂದು ಸಾಲು ಕಡಿಮೆಯಾದರೆ ಓದುಗರು ಯಾರೂ ಚಂದಾ ನಿಲ್ಲಿಸುವುದಿಲ್ಲ.

ಇಂತಿ,
ಹೊಲಿಗೆ ಅಂಗಡಿಯವಳು
ಪೇಟೆ ಬೀದಿ, ಮಂಡ್ಯ
(ಹೆಸರು ಪ್ರಕಟಣೆಗೆ ಬೇಡ)